ವಕೀಲರನ್ನು ಬೀದಿಯಲ್ಲಿ ಬೈಯುವ ಯಂತ್ರ: ಬಳಕೆದಾರರ ಕೈಪಿಡಿ



ಮಾದರಿ ಸಂಖ್ಯೆ 356ರ ಈ ಯಂತ್ರವನ್ನು ಆರಿಸಿಕೊಂಡಿದ್ದಕ್ಕಾಗಿ ತಮಗೆ ಅಭಿನಂದನೆಗಳು. ವಕೀಲರು ಕೇಸು ಕೆಡಿಸಿದರೆಂಬ ಸಂಕಟವನ್ನು ಒಂದು ಕಡೆಯಿಂದ ತುಂಬಿಸಿ, ವಕೀಲರು ನಿಮ್ಮ ಮೇಲೆಯೇ ಹಾಕಿದ ಕೇಸನ್ನು ಇನ್ನೊಂದು ಕಡೆಯಿಂದ ಪಡೆಯುವ ವ್ಯವಸ್ಥೆ ಇದರಲ್ಲಿದೆ. ಕರೆಂಟು ಬೇಡ, ಸಿಟ್ಟಿನಿಂದಲೇ ನಡೆಯುತ್ತದೆ. ಬನಶಂಕರಿಯಿಂದ ಬಿಟಿಎಂ ಲೇಔಟಿನವರೆಗೆ ಎಲ್ಲಿ ಇಟ್ಟರೂ ಓಡುತ್ತದೆ.

ಹಳೆಯ ಮಾದರಿಗಳಾದ 499 ಮತ್ತು 500 ಭಾರತೀಯ ದಂಡ ಸಂಹಿತೆಯವು, 1860ರ ತಯಾರಿಕೆ. 2024ರ ಜುಲೈ 1ರಿಂದ ಅವುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಬಂದಿದೆ. ಒಳಗಿನ ಗಾಲಿಗಳೆಲ್ಲ ಹೆಚ್ಚುಕಡಿಮೆ ಅವೇ. ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಅಥವಾ ಎರಡೂ ಎಂಬ ಹಳೆಯ ಸೌಲಭ್ಯಗಳ ಪಕ್ಕದಲ್ಲಿ ಸಮುದಾಯ ಸೇವೆ ಎಂಬ ಹೊಸ ಗುಂಡಿಯನ್ನು ಕೂಡಿಸಿದ್ದಾರೆ, ಅಷ್ಟೆ.

ದಯವಿಟ್ಟು ಪೂರ್ತಿ ಓದಿ. ಕೈಪಿಡಿ ಓದದೆ ಗುಂಡಿ ಒತ್ತಿದವರೇ ಈ ಊರಿನಲ್ಲಿ ಹೆಚ್ಚು.

ಯಾವಾಗ ಬಳಸುತ್ತಾರೆ

ದಕ್ಷಿಣ ಬೆಂಗಳೂರಿನ ಮಧ್ಯಮವರ್ಗಕ್ಕೆ ಕೋರ್ಟು ಪರಸ್ಥಳವಲ್ಲ. ಅಪ್ಪ ಬಿಟ್ಟುಹೋದ ಮೂವತ್ತು-ನಲವತ್ತರ ಸೈಟಿಗೆ ಐದು ಜನ ಮಕ್ಕಳು. ಕೆಳಗಿನ ಮನೆಯ ಬಾಡಿಗೆದಾರ ಖಾಲಿ ಮಾಡುವುದಿಲ್ಲ. ಗೃಹನಿರ್ಮಾಣ ಸಂಘದವರು ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟಿದ್ದಾರೆ. ಬಿಲ್ಡರ್ ದುಡ್ಡು ತೆಗೆದುಕೊಂಡ, ಫ್ಲ್ಯಾಟಿನ ಬೀಗದ ಕೈ ಕೊಟ್ಟಿಲ್ಲ. ಹೀಗಾಗಿ ಮನೆಗೊಬ್ಬ ವಕೀಲರು ಬೇಕಾಗುತ್ತಾರೆ. ಮೊದಲ ತಿಂಗಳು ಅವರು 'ನಮ್ಮ ಲಾಯರ್ ಸಾಹೇಬ್ರು'. ಮೂರನೆಯ ವರ್ಷದ ಹೊತ್ತಿಗೆ 'ಆ ಲಾಯರ್'. ಕೇಸು ಬಿದ್ದ ದಿನ ಇಟ್ಟ ಹೆಸರನ್ನು ಪತ್ರಿಕೆಯಲ್ಲಿ ಅಚ್ಚುಹಾಕುವ ಹಾಗಿಲ್ಲ. ಯಂತ್ರ ನೆನಪಾಗುವುದು ಆ ದಿನವೇ.

ಕಕ್ಷಿದಾರನ ಸಿಟ್ಟಿನಲ್ಲಿ ನಾಲ್ಕು ಬಗೆ. ಒಂದು, ವಕೀಲರು ವಾಯಿದೆಗೆ ಹೋಗಲೇ ಇಲ್ಲ, ಗೈರುಹಾಜರಿಯಲ್ಲಿ ಕೇಸು ವಜಾ ಆಯಿತು. ಎರಡು, ನಿಮ್ಮನ್ನು ಕೇಳದೆ ಎದುರು ಪಾರ್ಟಿಯ ಷರತ್ತಿಗೆ ಒಪ್ಪಿಕೊಂಡುಬಿಟ್ಟರು. ಮೂರು, ಹಣ ತೆಗೆದುಕೊಂಡರು, ಲೆಕ್ಕ ಕೊಡಲಿಲ್ಲ. ನಾಲ್ಕು, ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದರು, ಆದರೂ ನೀವು ಸೋತಿರಿ. ಮೊದಲ ಮೂರಕ್ಕೆ ಕಾನೂನಿನಲ್ಲಿ ಬೇರೆ ಬೇರೆ ಔಷಧ ಇದೆ. ನಾಲ್ಕನೆಯದಕ್ಕೆ ಮೇಲ್ಮನವಿ ಬಿಟ್ಟರೆ ಬೇರೇನೂ ಇಲ್ಲ, ಸೋಲುವುದು ದುರ್ನಡತೆಯಲ್ಲ. ನಮ್ಮ ಯಂತ್ರದ ಹೆಗ್ಗಳಿಕೆ ಏನೆಂದರೆ, ಈ ನಾಲ್ಕನ್ನೂ ಒಟ್ಟಿಗೆ ಅರೆದು 'ಮೋಸ' ಎಂಬ ಒಂದೇ ಪುಡಿ ಮಾಡಿಕೊಡುತ್ತದೆ.

ಪೆಟ್ಟಿಗೆಯಲ್ಲಿ ಇರುವ ಸಾಮಾನು

ವಕಾಲತ್ತಿನ ಜೆರಾಕ್ಸ್ ಪ್ರತಿ, ಒಂದು. ಇದನ್ನು ಓದದೆ ಸಹಿ ಮಾಡಿದ್ದೀರಿ.

ನಗದಾಗಿ ಕೊಟ್ಟ ಫೀಜು, ಹಲವು ಕಂತು. ರಸೀತಿ ಇಲ್ಲ. 'ನಮ್ಮವರೇ ಅಲ್ವಾ' ಎಂದು ಕೇಳಲಿಲ್ಲ.

ವಿಶೇಷಣಗಳ ಪೊಟ್ಟಣ, ದೊಡ್ಡದು. ಕಳ್ಳ, ಲಫಂಗ, ನಾಲ್ಕುನೂರ ಇಪ್ಪತ್ತು, ಎದುರು ಪಾರ್ಟಿಗೆ ಮಾರಿಕೊಂಡವನು, ಇತ್ಯಾದಿ.

ಸಾಕ್ಷ್ಯ: ಈ ಪೆಟ್ಟಿಗೆಯಲ್ಲಿ ಇಲ್ಲ.

ಸುರಕ್ಷತಾ ಎಚ್ಚರಿಕೆ

ಮಾನಹಾನಿಯ ಸೆಕ್ಷನ್ನಿನಲ್ಲಿ ಒಂದು ಗಡಿಯಾರ ಇದೆ. 1860ರಲ್ಲಿ ಅದು 'ಬಿ' ಎಂಬಾತನದು. ಯಾರೋ ಕದ್ದಿದ್ದಾರೆ. 'ಜೆಡ್ ಬಹಳ ಪ್ರಾಮಾಣಿಕ, ಬಿ-ಯ ಗಡಿಯಾರವನ್ನು ಅವನು ಕದ್ದೇ ಇಲ್ಲ' ಎಂದು 'ಎ' ಎಂಬಾತ ನಾಲ್ಕು ಜನರ ಮುಂದೆ ಹೊಗಳುತ್ತಾನೆ, ಕೇಳಿದವರಿಗೆ ತದ್ವಿರುದ್ಧವಾಗಿ ಅರ್ಥವಾಗಲಿ ಎಂಬ ಉದ್ದೇಶದಿಂದ. ಅದು ಮಾನಹಾನಿ. ಕದ್ದವರು ಯಾರೆಂದು ಕೇಳಿದಾಗ ಬಾಯಿ ಬಿಡದೆ ಜೆಡ್ ಕಡೆ ಬೆರಳು ತೋರಿಸಿದರೂ ಮಾನಹಾನಿ. ಜೆಡ್ ಗಡಿಯಾರ ಹಿಡಿದು ಓಡುತ್ತಿರುವ ಚಿತ್ರ ಬರೆದರೂ ಮಾನಹಾನಿ. 2023ರ ಹೊಸ ಸಂಹಿತೆಯಲ್ಲೂ ಇದೇ ಗಡಿಯಾರ, ಇದೇ ಎ, ಬಿ, ಜೆಡ್. ಅಷ್ಟೂ ವರ್ಷದಲ್ಲಿ ಗಡಿಯಾರ ಮಾತ್ರ ಸಿಕ್ಕಿಲ್ಲ.

ಇದರಿಂದ ಕಲಿಯಬೇಕಾದ್ದು ಏನೆಂದರೆ, ವ್ಯಂಗ್ಯದಿಂದ ತಪ್ಪಿಸಿಕೊಳ್ಳಲಾಗದು. ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದೆಂದು ಸೆಕ್ಷನ್ನಿನ ವಿವರಣೆಯೇ ಸಾರುತ್ತದೆ. ಒಬ್ಬನ ಕಸುಬಿನ ಯೋಗ್ಯತೆಯನ್ನು ಕುಗ್ಗಿಸಿ ಆಡಿದ ಮಾತೂ ಅದರ ವ್ಯಾಪ್ತಿಯಲ್ಲಿದೆ. 'ನಮ್ಮ ಲಾಯರ್ರು ಎಷ್ಟು ಒಳ್ಳೆಯವರೆಂದರೆ ಎದುರು ಪಾರ್ಟಿಯವರೂ ಅವರನ್ನು ಬಿಟ್ಟಿರಲಾರರು' ಎಂದು ಲಕ್ಷ್ಮಣರಾವ್ ಉದ್ಯಾನದ ವಾಕಿಂಗ್ ಗೆಳೆಯರ ಮುಂದೆ ಜಾಣತನ ತೋರಿಸಿದವರು ಗಡಿಯಾರದ ಉದಾಹರಣೆಯನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಈ ಕೈಪಿಡಿಯೂ ವ್ಯಂಗ್ಯದ ಜಾತಿಗೆ ಸೇರಿದ್ದರಿಂದ ಇದರಲ್ಲಿ ಬೈಯಲೆಂದು ಯಾವ ವಕೀಲರ ಹೆಸರನ್ನೂ ಹಾಕಿಲ್ಲ.

ಚಾಲನೆಯ ಹಂತಗಳು

ಹಂತ 1. ಹೆಸರು ಹಿಡಿದು ಬೈಯಿರಿ. 'ಲಾಯರ್‌ಗಳೆಲ್ಲ ಹೀಗೇ ಕಣ್ರೀ' ಎಂದರೆ ಯಂತ್ರ ಸ್ಟಾರ್ಟ್ ಆಗುವುದಿಲ್ಲ. ಗುರುತು ಹಿಡಿಯಲಾಗದಷ್ಟು ದೊಡ್ಡ ಗುಂಪನ್ನು ಅಂದರೆ ಯಾರೊಬ್ಬರೂ 'ನನ್ನ ಮಾನ ಹೋಯಿತು' ಎಂದು ಬರುವಂತಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಜಿ. ನರಸಿಂಹನ್ ಪ್ರಕರಣದಲ್ಲಿ ಹೇಳಿದೆ. ಲಕ್ಷಾಂತರ ವಕೀಲರನ್ನು ಒಟ್ಟಿಗೆ ಬೈದರೆ ಹರಟೆ, ಜೆ.ಪಿ. ನಗರದ ಒಬ್ಬರನ್ನು ಬೈದರೆ ಕೇಸು. ಆದ್ದರಿಂದ ಹೆಸರು, ಇನಿಷಿಯಲ್, ಚೇಂಬರು ಇರುವ ಕ್ರಾಸು, ಎಲ್ಲವನ್ನೂ ಸ್ಪಷ್ಟವಾಗಿ ಹೇಳಿ. ಹೆಸರು ಬಿಟ್ಟು 'ಎರಡನೇ ಫೇಸಿನ ಗಣಪತಿ ದೇವಸ್ಥಾನದ ಎದುರಿನ ಬಿಳಿ ಕಾರಿನ ಲಾಯರ್' ಎಂದರೂ ನಡೆಯುತ್ತದೆ. ಗುರುತು ಸಿಕ್ಕರೆ ಸಾಕು, ಹೆಸರು ಬೇಕೆಂದೇನಿಲ್ಲ.

ಹಂತ 2. ನಡೆದದ್ದನ್ನು ಬಿಡಿ, ವಿಶೇಷಣ ಹಾಕಿ. 'ನಮ್ಮ ಕೇಸು ಕರೆದ ದಿನ ಅವರು ಹಾಜರಿರಲಿಲ್ಲ, ಆದೇಶ ಪತ್ರಿಕೆಯಲ್ಲಿ ಹಾಗೇ ಬರೆದಿದೆ' ಎಂದರೆ ಅದು ದಾಖಲೆಯ ಮಾತು. ಕೋರ್ಟಿನ ನಡವಳಿಯನ್ನು ಬಹುಮಟ್ಟಿಗೆ ಇದ್ದಂತೆಯೇ ವರದಿ ಮಾಡಿದರೆ ಮಾನಹಾನಿ ಅಲ್ಲ ಎಂಬ ಅಪವಾದ ಸೆಕ್ಷನ್ನಿನಲ್ಲೇ ಇದೆ. ಯಂತ್ರಕ್ಕೆ ಅದರಿಂದ ಉಪಯೋಗವಿಲ್ಲ. 'ಎದುರು ಪಾರ್ಟಿಯಿಂದ ದುಡ್ಡು ತಿಂದು ಬೇಕಂತಲೇ ಬರಲಿಲ್ಲ' ಎನ್ನಿ. ಈಗ ನೀವು ರುಜುವಾತು ಮಾಡಬೇಕಾದ್ದು ಗೈರುಹಾಜರಿಯನ್ನಲ್ಲ, ದುಡ್ಡು ಕೈಬದಲಾದದ್ದನ್ನು. ಯಂತ್ರ ಗುರುಗುಟ್ಟುವ ಸದ್ದು ಕೇಳಿಸುತ್ತದೆ.

ಹೊರದೇಶದಲ್ಲಿ ಇದರ ಪ್ರಯೋಗ ಯಶಸ್ವಿಯಾಗಿದೆ. ಇಂಗ್ಲೆಂಡಿನಲ್ಲಿ ಒಬ್ಬ ಕಕ್ಷಿದಾರ 200 ಪೌಂಡ್ ಕೊಟ್ಟು ಪಡೆದ ಕಾನೂನು ಸಲಹೆ ರುಚಿಸದೆ, ಆ ವಕೀಲ ಸಂಸ್ಥೆ ಮೋಸದ್ದು ಎಂಬರ್ಥದ ಮಾತನ್ನು ಬಹಿರಂಗವಾಗಿ ಬರೆದ. 'ಸಲಹೆ ಕೆಲಸಕ್ಕೆ ಬರಲಿಲ್ಲ' ಎಂದು ನಿಲ್ಲಿಸಿದ್ದರೆ ಅದು ಅಭಿಪ್ರಾಯ. ಮೋಸ ಎಂದಾಗ ಅದು ಆರೋಪ. 2021ರಲ್ಲಿ ಅಲ್ಲಿನ ಹೈಕೋರ್ಟ್ 25,000 ಪೌಂಡ್ ಪರಿಹಾರ ಕೊಡಿಸಿತು. ಸಲಹೆಯ ಬೆಲೆಗಿಂತ ವಿಶೇಷಣದ ಬೆಲೆ ನೂರಿಪ್ಪತ್ತೈದು ಪಟ್ಟು.

ಹಂತ 3. ಜನ ಸೇರಿಸಿ. ವಕೀಲರ ಕೋಣೆಯಲ್ಲಿ ಅವರೊಬ್ಬರೇ ಇರುವಾಗ ಮುಖಕ್ಕೆ ಹೇಳಿದರೆ ಮಾನಹಾನಿ ಆಗುವುದಿಲ್ಲ, ಮೂರನೆಯವರ ಕಿವಿಗೆ ಬೀಳಲೇಬೇಕು. ಆದ್ದರಿಂದ ಗುಮಾಸ್ತ, ಜೂನಿಯರ್‌ಗಳು, ಕಾದು ಕುಳಿತ ಇತರ ಕಕ್ಷಿದಾರರು ಎಲ್ಲ ಇರುವ ವೇಳೆ ನೋಡಿಕೊಂಡು ಹೋಗಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಇನ್ನೂ ಅನುಕೂಲ. ಅಲ್ಲಿ ನೀವು ಹಾಕಿದ್ದನ್ನು ಸೆಕ್ರೆಟರಿ ಮುಂದಕ್ಕೆ ಕಳಿಸಿದರೆ ಅವರಿಗೂ ಒಂದು ಯಂತ್ರ ಉಚಿತ. ಬೇರೆಯವರ ಬೈಗುಳವನ್ನು ದಾಟಿಸುವುದೂ ಪ್ರಕಟಿಸಿದ ಹಾಗೆಯೇ.

ಮಾತಿನ ಜೊತೆಗೆ 'ಕೈಕಾಲು ಮುರೀತೀನಿ' ಎಂದು ಸೇರಿಸುವವರು ಬೇರೆ ಇಲಾಖೆಗೆ ಹೋಗುತ್ತಾರೆ. ಬೆದರಿಕೆಗೆ 351ನೇ ಸೆಕ್ಷನ್, ಕೆಣಕಿ ಅವಮಾನ ಮಾಡಿದ್ದಕ್ಕೆ 352. ಸಾಲದ್ದಕ್ಕೆ, ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸರೇ ಹಲ್ಲೆ ಮಾಡಿದರೆಂಬ ಆರೋಪ ರಾಜ್ಯವನ್ನು ಕಲಕಿದ ಬೆನ್ನಿಗೆ, 2023ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಕೀಲರ ಮೇಲಿನ ಹಿಂಸಾಚಾರ ತಡೆಯುವ ವಿಧೇಯಕ ಅಂಗೀಕಾರವಾಗಿ ಈಗ ಕಾಯ್ದೆಯಾಗಿದೆ.

ಹಂತ 4. ಜಡ್ಜನ್ನೂ ಎಳೆಯಿರಿ. ವಕೀಲರನ್ನು ಮಾತ್ರ ಬೈದರೆ ನ್ಯಾಯಾಂಗ ನಿಂದನೆ ಆಗುವುದಿಲ್ಲ. 'ಲಾಯರ್ರು ದುಡ್ಡು ಇಸ್ಕೊಂಡು ಜಡ್ಜಿಗೂ ಕೊಟ್ರು' ಎಂದ ಕೂಡಲೇ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಎದ್ದು ನಿಲ್ಲುತ್ತದೆ. ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ. ಒಂದೇ ವಾಕ್ಯದಿಂದ ಎರಡು ಕೇಸು ಬೇಕಾದವರು ಈ ಗುಂಡಿ ಒತ್ತಬಹುದು.

ಹಂತ 5. ನೋಟಿಸು ಬಂದರೆ ಹರಿದುಹಾಕಿ. ನಿಮ್ಮ ಮಾತಿಗೆ ವಕೀಲರು ಬೀದಿಯಲ್ಲಿ ನಿಂತು ಮಾತಿನಲ್ಲೇ ಉತ್ತರ ಕೊಡಲಾರರು. ಕಕ್ಷಿದಾರ ನಂಬಿ ಹೇಳಿದ್ದನ್ನು ಹೊರಗೆ ಹಾಕಬಾರದೆಂಬ ಕಟ್ಟು ಅವರ ಮೇಲಿದೆ. ನಿಮ್ಮ ಕಡತ ಬಿಚ್ಚಿ 'ನೋಡಿ, ಇವರೇ ದಾಖಲೆ ತಂದುಕೊಡಲಿಲ್ಲ' ಎಂದು ಪಾರ್ಕಿನಲ್ಲಿ ವಾದಿಸುವ ಹಾಗಿಲ್ಲ. ಆದ್ದರಿಂದ ಅವರ ಉತ್ತರ ಲಕೋಟೆಯಲ್ಲಿ ಬರುತ್ತದೆ. ಮಾತು ವಾಪಸ್ ತೆಗೆದುಕೊಳ್ಳಿ, ಕ್ಷಮೆ ಕೇಳಿ, ಇಲ್ಲವೇ ಇಷ್ಟು ಲಕ್ಷ ಕೊಡಿ ಎಂದಿರುತ್ತದೆ. ಆ ಲಕೋಟೆಯಲ್ಲಿ ಜಗಳ ಮುಗಿಸುವ ಅತ್ಯಂತ ಅಗ್ಗದ ಅವಕಾಶ ಇರುತ್ತದೆ, ಹಾಗಾಗಿಯೇ ಅದನ್ನು ಹರಿಯತಕ್ಕದ್ದು. ಮುಂದೆ ಅವರಿಗೆ ವಕೀಲರ ಖರ್ಚು ಕಡಿಮೆ, ನಿಮಗೆ ಪೂರ್ತಿ ಎಂಬುದನ್ನು ಮರೆಯಬೇಡಿ.

ಹಂತ 6. ಮೂವತ್ತು ದಿನ ಹೀಗೇ ಕಳೆಯಿರಿ. ಇದು ಯಂತ್ರದ ಅತಿ ಮುಖ್ಯ ಹಂತ. ಗೈರುಹಾಜರಿಗೆ ವಜಾ ಆದ ದಾವೆಯನ್ನು ಮತ್ತೆ ಎತ್ತಿಸಲು ಕಾಲಮಿತಿ ಕಾಯ್ದೆ 30 ದಿನ ಕೊಡುತ್ತದೆ. ನಿಮ್ಮ ವಿರುದ್ಧ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ರದ್ದುಮಾಡಿಸಲಿಕ್ಕೂ 30 ದಿನ. ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನರಳಬಾರದೆಂದು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ. ಹೊಸ ವಕೀಲರನ್ನು ಹಿಡಿದು ಒಂದು ಅರ್ಜಿ ಹಾಕಿದ್ದರೆ ಕೇಸು ಬದುಕುತ್ತಿತ್ತೇನೋ. ಆ 30 ದಿನವನ್ನು ಪೂರ್ತಿ ಬೈಯುವುದರಲ್ಲೇ ಕಳೆದರೆ ಹಳೆಯ ಕೇಸು ಸತ್ತು ಹೊಸ ಕೇಸು ಹುಟ್ಟಿರುತ್ತದೆ. ಯಂತ್ರದ ಕೆಲಸ ಮುಗಿಯಿತು.

ಎರಡು ಸ್ವಿಚ್ಚುಗಳ ವಿವರ

ಕೆಂಪು ಸ್ವಿಚ್ಚು ಕ್ರಿಮಿನಲ್. ಮಾನಹಾನಿಗೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಎಳೆದೊಯ್ಯುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಜಾಮೀನು ಸಿಗುವ ಅಪರಾಧ, ರಾಜಿಗೂ ಅವಕಾಶ ಉಂಟು. ದೂರಿಗೆ ಮೂರು ವರ್ಷದ ಕಾಲಮಿತಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ಆರೋಪಿಯ ಮಾತನ್ನೂ ಕೇಳಬೇಕು. ಅದಕ್ಕೂ ಮುಂಚೆ ದೂರುದಾರರ ಪ್ರಮಾಣದ ಹೇಳಿಕೆ ಆಗಿರಬೇಕೆಂದು ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಬಸನಗೌಡ ಪಾಟೀಲ ಯತ್ನಾಳರ ಪ್ರಕರಣದಲ್ಲಿ ವಿವರಿಸಿತು. ಅದೂ ಮಾನಹಾನಿಯ ಜಗಳವೇ. ಕ್ರಿಮಿನಲ್ ಮಾನಹಾನಿಯೇ ಸಂವಿಧಾನಬಾಹಿರ ಎಂದು ವಾದಿಸಿದವರು 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸೋತರು. ಹಾಗಾಗಿ ಕೆಂಪು ಸ್ವಿಚ್ಚು ಇನ್ನೂ ಬೆಚ್ಚಗಿದೆ.

ಹಳದಿ ಸ್ವಿಚ್ಚು ಸಿವಿಲ್. ಇಲ್ಲಿ ಸಜೆ ಇಲ್ಲ, ಹಣ. ದಾವೆ ಹೂಡಲು ಒಂದು ವರ್ಷದ ಕಾಲಮಿತಿ. ಪದ್ಮನಾಭನಗರದ ನಿವಾಸಿ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು 2011ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ನೈಸ್ ಕಂಪನಿಯ ಬಗ್ಗೆ ಆಡಿದ ಮಾತಿಗೆ ಕಂಪನಿ 10 ಕೋಟಿ ಕೇಳಿತು. 2021ರ ಜೂನ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ 2 ಕೋಟಿ ಪರಿಹಾರಕ್ಕೆ ತೀರ್ಪು ಕೊಟ್ಟಿತು, ವಿಷಯ ಮೇಲ್ಮನವಿಯಾಗಿ ಹೈಕೋರ್ಟು ಹತ್ತಿತು. ಮಾತಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಕೆಂಪು ಸ್ವಿಚ್ಚಿನದೂ ಅದೇ ವೇಗ. ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ವರದಿಗೆ ಸಂಬಂಧಿಸಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಸಜೆ ವಿಧಿಸಿದ್ದು 2016ರ ನವೆಂಬರ್‌ನಲ್ಲಿ. ಮಾಜಿ ಪ್ರಧಾನಿಗೂ ಪತ್ರಿಕೆಯ ಸಂಪಾದಕಿಗೂ ಅಷ್ಟು ವರ್ಷ ಕೋರ್ಟು ಸುತ್ತುವ ಶಕ್ತಿ ಇತ್ತು. ಬನಶಂಕರಿ ಎರಡನೇ ಹಂತದ ನಿವೃತ್ತ ಮೇಷ್ಟ್ರು ತಮ್ಮ ಮಂಡಿಯನ್ನು ಒಮ್ಮೆ ಕೇಳಿ ನೋಡಬೇಕು.

ಹಳದಿ ಸ್ವಿಚ್ಚಿನ ಕೆಳಗೆ ಒಂದು ಸಣ್ಣ ಗುಂಡಿ ಇದೆ: ತಾತ್ಕಾಲಿಕ ತಡೆಯಾಜ್ಞೆ. ಇದನ್ನು ಒತ್ತಿದರೆ ತೀರ್ಪು ಬರುವುದಕ್ಕೆ ಮೊದಲೇ ಬಾಯಿ ಮುಚ್ಚುತ್ತದೆ, ಎಷ್ಟೋ ಸಲ ಎದುರು ಪಕ್ಷದ ಮಾತು ಕೇಳುವ ಮೊದಲೇ. ಬೆಂಗಳೂರಿನ ಸಿವಿಲ್ ನ್ಯಾಯಾಲಯ ಇದಕ್ಕೆ ಹೆಸರಾಗಿದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ವೃತ್ತಿಯಿಂದ ವಕೀಲರೇ ಆಗಿದ್ದ ಬೆಂಗಳೂರು ದಕ್ಷಿಣದ ಅಭ್ಯರ್ಥಿ ತೇಜಸ್ವಿ ಸೂರ್ಯ 49 ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆದೇಶ ಪಡೆದರು. ಮುಂದಿನ ತಿಂಗಳು ಹೈಕೋರ್ಟ್ ಅದನ್ನು ರದ್ದುಮಾಡಿತು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ 8,842 ಅಂತರ್ಜಾಲ ಕೊಂಡಿಗಳನ್ನು ತೆಗೆಯಬೇಕೆಂಬ ಆದೇಶ ಹೊರಟಿತು. ಆಗಸ್ಟ್ 1ರಂದು ಒಂದು ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ಹೈಕೋರ್ಟ್ ಮಧ್ಯೆ ಬಂದು ಆದೇಶ ರದ್ದುಮಾಡಿ ಮತ್ತೆ ಕೇಳಲು ಹೇಳಿತು. ವಿಚಾರಣೆಗೆ ಮುಂಚೆ ಹೀಗೆ ಸುಲಭವಾಗಿ ಬಾಯಿ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ಹಿಡಿದು ಹೈಕೋರ್ಟಿಗೆ ಹೋಗುವ ಖರ್ಚು ಮಾತ್ರ ನಿಮ್ಮದೇ.

ದೋಷ ನಿವಾರಣೆ

ತೊಂದರೆ: 'ನಾನು ಹೇಳಿದ್ದು ಸತ್ಯ, ಆದರೂ ಕೇಸು ಬಂತು.'
ಪರಿಹಾರ: ಸತ್ಯವೆಂದು ನಿಮಗೆ ಗೊತ್ತಿರುವುದು ಸಾಲದು, ಅದನ್ನು ರುಜುವಾತು ಮಾಡುವ ಹೊಣೆ ನಿಮ್ಮದು. ಸಿವಿಲ್ ದಾವೆಯಲ್ಲಿ ಸತ್ಯ ಪೂರ್ಣ ರಕ್ಷಣೆ. ಕ್ರಿಮಿನಲ್‌ನಲ್ಲಿ ಸತ್ಯದ ಜೊತೆಗೆ ಅದನ್ನು ಸಾರಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಸದ್ಭಾವನೆಯಿಂದ ಹೇಳಿದೆ ಎಂದರೆ, ಹೇಳುವ ಮೊದಲು ತಕ್ಕ ಎಚ್ಚರ ವಹಿಸಿದ್ದಿರಾ ಎಂದು ಕೇಳುತ್ತಾರೆ. 'ಷಡ್ಡಕ ಹೇಳಿದರು' ಎಂಬುದು ತಕ್ಕ ಎಚ್ಚರ ಅಲ್ಲ.

ತೊಂದರೆ: 'ಗ್ರಾಹಕ ಆಯೋಗಕ್ಕೆ ಹೋದೆ, ವಾಪಸ್ ಕಳಿಸಿದರು.'
ಪರಿಹಾರ: ಇಲ್ಲ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತೆರೆದ ಬಾಗಿಲನ್ನು ಸುಪ್ರೀಂ ಕೋರ್ಟ್ 2024ರ ಮೇ 14ರಂದು ಮುಚ್ಚಿತು. ದೆಹಲಿಯ ಒಂದು ಚೆಕ್‌ಬೌನ್ಸ್ ಮೊಕದ್ದಮೆಯಿಂದ ಹುಟ್ಟಿದ ಜಗಳ ಅದು. ವಕೀಲರು ಕಕ್ಷಿದಾರನ ನೇರ ಹಿಡಿತದಲ್ಲಿ ಕೆಲಸ ಮಾಡುವವರು, ಅದು ವೈಯಕ್ತಿಕ ಸೇವೆಯ ಒಪ್ಪಂದ, ಆದ್ದರಿಂದ ಗ್ರಾಹಕ ಕಾಯ್ದೆ ಅನ್ವಯಿಸದು ಎಂದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಹೇಳಿತು. ಮೂರು ಸಲ ಫೋನು ಮಾಡಿದರೂ ಎತ್ತದ ವಕೀಲರು ತಮ್ಮ ನೇರ ಹಿಡಿತದಲ್ಲಿದ್ದರೆಂದು ತಿಳಿದ ಕಕ್ಷಿದಾರರಿಗೆ ಆಶ್ಚರ್ಯವಾಗುವುದು ಸಹಜ. ಜಯನಗರದ ದಂತವೈದ್ಯರು ತಪ್ಪು ಹಲ್ಲು ಕಿತ್ತರೆ ಗ್ರಾಹಕ ಆಯೋಗ ಉಂಟು, ವಕೀಲರು ತಪ್ಪು ದಾವೆ ಹಾಕಿದರೆ ಇಲ್ಲ. ಈ ತೀರ್ಪನ್ನು ನೀವು ಧಾರಾಳವಾಗಿ ಟೀಕಿಸಬಹುದು, ಕೊಟ್ಟವರಿಗೆ ದುರುದ್ದೇಶ ಹಚ್ಚಬೇಡಿ. ಹಂತ 4 ನೋಡಿ.

ತೊಂದರೆ: 'ಫೀಜು ಬಾಕಿ ಅಂತ ಫೈಲು ಕೊಡುತ್ತಿಲ್ಲ.'
ಪರಿಹಾರ: ಬಾಕಿಗಾಗಿ ಕಕ್ಷಿದಾರನ ಕಾಗದಪತ್ರ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ತೀರ್ಮಾನವಾಗಿದೆ. ಬೈಯದೆ, ಆ ತೀರ್ಪಿನ ಹೆಸರು ಬರೆದು ಒಂದು ಪತ್ರ ಕೊಡಿ.

ತೊಂದರೆ: 'ವಕೀಲರ ವಿರುದ್ಧ ವಕೀಲರು ಕೇಸು ಹಿಡಿಯುತ್ತಿಲ್ಲ.'
ಪರಿಹಾರ: ಇಂಥವರ ಪರ ಯಾರೂ ಹಾಜರಾಗಬಾರದೆಂದು ವಕೀಲರ ಸಂಘ ಠರಾವು ಮಾಡಿದರೆ ಅದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಠರಾವಿಲ್ಲದೆಯೇ ಮುಖ ತಿರುಗಿಸಿದರೆ ಅದಕ್ಕೆ ತೀರ್ಪಿನಲ್ಲಿ ಮದ್ದಿಲ್ಲ. ಇನ್ನೂ ನಾಲ್ಕು ಬಾಗಿಲು ತಟ್ಟಿ.

ತೊಂದರೆ: 'ನನಗೆ ಸಿಟ್ಟು ಎದುರು ಪಾರ್ಟಿಯ ವಕೀಲರ ಮೇಲೆ.'
ಪರಿಹಾರ: ಅವರು ಕೆಲಸ ಮಾಡಿದ್ದು ನಿಮ್ಮ ಎದುರಾಳಿಗೆ. ಶಿಸ್ತುಕ್ರಮಕ್ಕೆ ಸಾಮಾನ್ಯವಾಗಿ ವಕೀಲ-ಕಕ್ಷಿದಾರ ಸಂಬಂಧ ಇರಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೆದ್ದ ತಂಡದ ಬೌಲರನ ಮೇಲೆ ದೂರು ಕೊಡಲು ಬರುವುದಿಲ್ಲ.

ಯಂತ್ರ ಬಂದ್ ಮಾಡುವ ವಿಧಾನ

ಕೈಪಿಡಿಯ ಈ ಪುಟವನ್ನು ಯಾರೂ ಓದುವುದಿಲ್ಲ. ಆದರೂ ಅಚ್ಚುಹಾಕುವುದು ನಮ್ಮ ಕರ್ತವ್ಯ.

ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ. ಡಾ. ಬಿ.ಆರ್. ಅಂಬೇಡ್ಕರ್ ವೀಧಿಯ ಹಳೆಯ ಕೆಜಿಐಡಿ ಕಟ್ಟಡದಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಇದೆ. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ದುರ್ನಡತೆಯ ದೂರನ್ನು ಅಲ್ಲಿಗೆ ಕೊಡಬೇಕು. ಸಹಿ ಮಾಡಿ, ಸತ್ಯಾಪನೆ ಬರೆದು, ದಾಖಲೆ ಲಗತ್ತಿಸಿ. ಕನ್ನಡದಲ್ಲೇ ಬರೆಯಬಹುದು. ದೂರಿನಲ್ಲಿ ಹುರುಳಿದೆ ಎನಿಸಿದರೆ ಮೂವರು ಸದಸ್ಯರ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ದೂರನ್ನು ತಳ್ಳಿಹಾಕಬಹುದು, ವಾಗ್ದಂಡನೆ ಕೊಡಬಹುದು, ಕೆಲಕಾಲ ವಕೀಲಿ ಮಾಡದಂತೆ ತಡೆಯಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಒಂದು ವರ್ಷದೊಳಗೆ ಮುಗಿಯದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಅಲ್ಲಿಗೆ ಮೇಲ್ಮನವಿ, ಆಮೇಲೆ ಸುಪ್ರೀಂ ಕೋರ್ಟು.

ಈ ದಾರಿಯ ಗುಟ್ಟು ಸೆಕ್ಷನ್ 356ರ ಎಂಟನೆಯ ಅಪವಾದದಲ್ಲಿದೆ. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಆರೋಪ ಮಾಡಿದರೆ ಅದು ಮಾನಹಾನಿ ಅಲ್ಲ. ಪಾರ್ಕಿನಲ್ಲಿ ಹೇಳಿದರೆ ಸಜೆ ತರಬಹುದಾದ ಮಾತೇ ಪರಿಷತ್ತಿನ ಕಚೇರಿಯಲ್ಲಿ ಕೊಟ್ಟರೆ ಹಕ್ಕು. ಆದರೆ ಅದೇ ದೂರನ್ನು ನೂರು ಜೆರಾಕ್ಸ್ ಮಾಡಿಸಿ ರಾಗಿಗುಡ್ಡದ ಮೆಟ್ಟಿಲ ಮೇಲೆ ಹಂಚಿದರೆ, ರಕ್ಷಣೆ ಪರಿಷತ್ತಿಗೆ ಕೊಟ್ಟ ಒಂದು ಪ್ರತಿಗೆ ಮಾತ್ರ. ಉಳಿದ ನೂರಕ್ಕೂ ಯಂತ್ರವೇ ಗತಿ.

ಪರಿಷತ್ತು ವಕೀಲರನ್ನು ಶಿಕ್ಷಿಸುತ್ತದೆ, ನಿಮ್ಮ ನಷ್ಟ ತುಂಬಿಕೊಡುವುದಿಲ್ಲ. ಅದಕ್ಕೆ ಸಿವಿಲ್ ದಾವೆಯೇ ಬೇಕು. ವಕೀಲರೆಂಬ ಒಂದೇ ಕಾರಣಕ್ಕೆ ಅಲಕ್ಷ್ಯದ ಹೊಣೆಯಿಂದ ವಿನಾಯಿತಿ ಇಲ್ಲವೆಂದು 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹೆಸರಿನಲ್ಲಿ ಶುಲ್ಕ ಇರುವುದರಿಂದ ಈ ಕಾಯ್ದೆಯನ್ನು ಕಕ್ಷಿದಾರರು ತೆರೆದು ನೋಡುವುದೇ ಇಲ್ಲ. ಹಣ ನುಂಗಿದ್ದು ದಾಖಲೆಯಲ್ಲೇ ಕಂಡರೆ ನಂಬಿಕೆದ್ರೋಹ, ವಂಚನೆಯ ಸೆಕ್ಷನ್ನುಗಳು ಪೊಲೀಸ್ ಠಾಣೆಯಲ್ಲಿವೆ.

ವಾರಂಟಿ

ಈ ಯಂತ್ರಕ್ಕೆ ವಾರಂಟಿ ಇಲ್ಲ. ಬೇಡಿಕೆ ಮಾತ್ರ ಕುಗ್ಗುವುದೂ ಇಲ್ಲ. ಕಾರಣ ಕಕ್ಷಿದಾರನ ನಾಲಿಗೆಯೊಂದೇ ಅಲ್ಲ. ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಸಿವಿಲ್ ದಾವೆಯ ಬಾಗಿಲು ತೆರೆದಿದೆ, ಹೊಕ್ಕವರು ಮುದುಕರಾಗಿ ಹೊರಬರುತ್ತಾರೆ. ಉಳಿದದ್ದು ವಕೀಲರೇ ವಕೀಲರನ್ನು ವಿಚಾರಿಸುವ ಪರಿಷತ್ತು. ಹೇಳಬೇಕಾದ ಕಡೆ ಹೇಳಿದರೆ ಕೇಳುತ್ತಾರೆಂಬ ಭರವಸೆ ಇದ್ದವರು ಪಾರ್ಕಿನಲ್ಲಿ ಕೂಗುವುದಿಲ್ಲ. ಆದ್ದರಿಂದ ಪರಿಷತ್ತಿಗೆ ಒಂದು ವಿನಂತಿ: ಶಿಸ್ತು ಸಮಿತಿಯ ಆದೇಶಗಳು ಕನ್ನಡದಲ್ಲಿ, ವಕಾಲತ್ತಿಗೆ ಸಹಿ ಹಾಕುವ ಮೊದಲೇ ಯಾರು ಬೇಕಾದರೂ ಓದಿಕೊಳ್ಳುವಷ್ಟು ಸುಲಭವಾಗಿ ಸಿಗಲಿ. ನಿಯಮ ಪಾಲಿಸಿ ದುಡಿಯುವ ವಕೀಲರ ಮಾನಕ್ಕೆ ಅದಕ್ಕಿಂತ ದೊಡ್ಡ ಕಾವಲು ಇಲ್ಲ.

ಬಳಕೆದಾರರಿಗೂ ಒಂದು ಮಾತು. ವಕಾಲತ್ತು ಓದಿ ಸಹಿ ಮಾಡಿ. ಕೇಸಿನ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಬಹುದು. ಫೀಜು ಕೊಟ್ಟಾಗಲೆಲ್ಲ ರಸೀತಿ ಕೇಳಿ. ಬೈದದ್ದಕ್ಕೆ ಎರಡು ವರ್ಷದವರೆಗೆ ಸಜೆ ಇದೆ. ರಸೀತಿ ಕೇಳಿದ್ದಕ್ಕೆ ಯಾವ ಸಂಹಿತೆಯ ಯಾವ ಸೆಕ್ಷನ್ನಿನಲ್ಲೂ ಸಜೆ ಇಲ್ಲ.